ಸೂಜಿ ತೆಗೆದ ಮೇಲೂ ತುಳಿದಳು

ನಾನು ಒಂದು ಹೊಲಿಗೆ ಯಂತ್ರ. ಈಗಲೂ ಹಾಗನ್ನಬಹುದೋ ಇಲ್ಲವೋ, ನನಗೇ ಗೊತ್ತಿಲ್ಲ. ಲುಧಿಯಾನದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಕಪ್ಪು ಮೈ, ಕೆಳಗೆ ಕಬ್ಬಿಣದ ಪೆಡಲು. ರಾಣೆಬೆನ್ನೂರಿನ ಅಂಗಡಿಯಿಂದ ನಿಂಬೆವ್ವ ನನ್ನನ್ನು ಕೊಂಡು ತಂದಳು. ಮುಖ ನೋಡಿ ಜನರನ್ನು ಗುರುತಿಸಲು ನನಗೆ ಬಾರದು, ಪಾದ ಮಾತ್ರ ಗೊತ್ತು. ಇಪ್ಪತ್ತೆರಡು ವರ್ಷ ಅವಳು ತುಳಿದಳು, ನಾನು ಜಂಪರು, ಲಂಗ ಹೊಲಿದೆ.

ಆಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮಾತ್ರೆ ಕೊಟ್ಟು, ಕಾಲು ಜ್ವಾಕಿ ಮಾಡ್ರಿ ಎಂದರಂತೆ. ಈ ಮನೆಯಲ್ಲಿ ಜ್ವಾಕಿ ಎಂದರೆ ರೇಷ್ಮೆ ಸೀರೆಯನ್ನು ಉಡದೆ ಟ್ರಂಕಿನಲ್ಲಿಡುವುದು. ಮಗಳು ದ್ರಾಕ್ಷಾಯಿಣಿ ಅವ್ವನ ಕಾಲನ್ನೂ ಹಾಗೆಯೇ ಇಟ್ಟಳು. ನೀರು ತರುವುದು, ಸಂತೆಗೆ ಹೋಗುವುದು ಎಲ್ಲ ಬಿಡಿಸಿ, ನನಗೊಂದು ಮೋಟಾರು ಕೂಡಿಸಿದಳು. ನಾನು ಓಡುತ್ತಿದ್ದೆ, ಸರಿ. ಆದರೆ ಓಡಿಸುತ್ತಿದ್ದವರು ಯಾರು? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು.

ವರ್ಷದೊಳಗೆ ಸಕ್ಕರೆ ಇನ್ನೂ ಏರಿತು. ಒಂದು ಮಧ್ಯಾಹ್ನ ನೆಲಕ್ಕೆ ಬಿದ್ದ ಸೂಜಿಯನ್ನು ನಿಂಬೆವ್ವ ತುಳಿದಳು. ಸೂಜಿ ಹಿಮ್ಮಡಿಯೊಳಗಿದ್ದರೂ ಅವಳು ಹಾಡು ಗುನುಗುತ್ತ ಗುಂಡಿ ಹಚ್ಚುತ್ತಿದ್ದಳು. ರಕ್ತ ನೋಡಿ ಚೀರಿದ್ದು ಮಗಳು. ಚುಚ್ಚಿದ್ದು ಒಬ್ಬರಿಗೆ, ನೋವು ಇನ್ನೊಬ್ಬರಿಗೆ, ಇದೆಂಥ ಲೆಕ್ಕವೋ.

ಪಾದ ಜೋಮುಗಟ್ಟಿದೆ, ಹೀಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದರಂತೆ ಡಾಕ್ಟರು. ಮಾತ್ರೆಯೊಂದೇ ಸಾಲದು, ಮೈ ಆಡಿದರೇ ಸಕ್ಕರೆ ಹಿಡಿತಕ್ಕೆ ಬರುವುದಂತೆ. ದ್ರಾಕ್ಷಾಯಿಣಿ ನನ್ನ ಪಕ್ಕದಲ್ಲೇ ಕುಸಿದು ಕುಳಿತಳು.

"ಗಾಯ ಆಗದ್ಹಂಗ ನೋಡ್ಕೋರಿ ಅಂದಿದ್ದೆ, ಕುಂದರ್ಸಿ ಇಡ್ರಿ ಅಂದಿಲ್ಲ ಅಂದ್ರು ಡಾಕ್ಟರು. ಎವ್ವಾ, ನಿನ್ನ ಕಾಲು ನಾನ ಕೆಡಿಸಿದೆ."

ಗಾಯ ಮಾಗಿದ ಮೇಲೆ ಮೋಟಾರು ಹೋಯಿತು. ನನಗೆ ಹಿಗ್ಗೋ ಹಿಗ್ಗು. ಆದರೆ ಸೂಜಿಯನ್ನೂ ತೆಗೆದುಬಿಟ್ಟರು. ಮೆತ್ತನೆಯ ಚಪ್ಪಲಿ ಮೆಟ್ಟಿ ನಿಂಬೆವ್ವ ಸಂಜೆ ಕೆರೆಯ ತನಕ ನಡೆದು ಬರುತ್ತಾಳೆ, ಬೆಳಿಗ್ಗೆ ಅರ್ಧ ಗಂಟೆ ನನ್ನನ್ನು ತುಳಿಯುತ್ತಾಳೆ. ದಾರವಿಲ್ಲ, ಬಟ್ಟೆಯಿಲ್ಲ. ಹಾಗಾದರೆ ನಾವು ಹೊಲಿಯುತ್ತಿರುವುದು ಏನನ್ನು? ಸಕ್ಕರೆ ಇಳಿದಿದೆ ಎಂದು ಮಾತಾಡಿಕೊಳ್ಳುತ್ತಾರೆ. ಎಲ್ಲಿ ಇಳಿಯಿತೋ, ನನ್ನ ಮೇಲಂತೂ ಒಂದು ಕಾಳೂ ಬಿದ್ದಿಲ್ಲ.

ಈಗ ನಾನು ಪಡಸಾಲೆಯ ಮೂಲೆಯ ಮುದಿ ಯಂತ್ರ. ಮೊನ್ನೆ ಚಳಿಯ ಒಂದು ಬೆಳಿಗ್ಗೆ ಚಪ್ಪಲಿ ಜಾರಿ ನಿಂಬೆವ್ವನ ಬರಿಗಾಲು ನನ್ನ ಪೆಡಲಿಗೆ ತಾಕಿತು. ಥಟ್ಟನೆ ಎಳೆದುಕೊಂಡಳು. ಮತ್ತೆ ಮೆಲ್ಲಗೆ ತಂದು ಇಟ್ಟಳು.

"ದ್ರಾಕ್ಷಾಯಿಣೀ, ಇದು ತಣ್ಣಗೈತಿ."

ಚಳಿಯಲ್ಲಿ ಕಬ್ಬಿಣ ತಣ್ಣಗಿರದೆ ಬಿಸಿಯಾಗಿರುತ್ತದೆಯೇ? ಅಷ್ಟಕ್ಕೆ ತಾಯಿ ಮಗಳು ತಬ್ಬಿಕೊಂಡು ಯಾಕೆ ಅತ್ತರೋ, ನನಗಂತೂ ತಿಳಿಯಲಿಲ್ಲ.