ಆರುನೂರು ಟನ್ನಿನೊಳಗೆ

ಹಡಗು ದಡ ಬಿಟ್ಟ ಕೂಡಲೇ ಉಸಾಮಿ ತೊಕುಜಿ ಮೇಲಂಗಿಯ ಗುಂಡಿಗಳನ್ನು ಬಿಚ್ಚಿದ. ನೀರಿಗೆ ಬಿದ್ದರೆ ಒದ್ದೆ ಉಣ್ಣೆ ಕಲ್ಲಿನಂತೆ ಕೆಳಕ್ಕೆಳೆಯುತ್ತದೆ. ಆಮೇಲೆ ಯಾರಾದರೂ ನೋಡಿಯಾರೆಂದು ಒಂದು ಗುಂಡಿಯನ್ನು ಮತ್ತೆ ಹಾಕಿಕೊಂಡ.

ಅವನು ನಾವಿಕನಲ್ಲ. ಹಡಗುಕಟ್ಟೆಯ ನಕ್ಷೆ ಕಚೇರಿಯಲ್ಲಿ ತೂಕದ ಲೆಕ್ಕ ಹಾಕುವವನು. ತೂಕದವನು ಹಡಗಿನ ಮೊದಲ ಓಟದ ದಿನ ಅದರ ಮೇಲೆ ಇರಲೇಬೇಕೆಂಬುದು ಆ ಕಟ್ಟೆಯ ಪದ್ಧತಿ. ಹಳಬರು ಅದನ್ನು ಗೌರವ ಎನ್ನುತ್ತಿದ್ದರು. ಇವತ್ತು ತೊಕುಜಿಗೆ ತನ್ನನ್ನು ಒತ್ತೆ ಇಟ್ಟ ಹಾಗಿತ್ತು.

ಮೂರು ವರ್ಷದ ಹಿಂದೆ ದೊಡ್ಡ ದೇಶಗಳು ಲಂಡನ್ನಿನಲ್ಲಿ ಕೂತು, ಯಾರು ಎಷ್ಟು ಯುದ್ಧನೌಕೆ ಕಟ್ಟಬಹುದೆಂದು ಸಹಿ ಹಾಕಿದ್ದವು. ಜಪಾನಿಗೆ ಸಿಕ್ಕ ಪಾಲು ಅಮೆರಿಕದ್ದಕ್ಕಿಂತ ಕಡಿಮೆ. ಆದರೆ ಒಪ್ಪಂದದಲ್ಲಿ ಒಂದು ಕಿಂಡಿ ಉಳಿದಿತ್ತು: ಆರುನೂರು ಟನ್ನಿನೊಳಗಿನ ಹಡಗು ಲೆಕ್ಕಕ್ಕಿಲ್ಲ. ನೌಕಾಪಡೆ ಆ ಕಿಂಡಿಯಲ್ಲಿ ಆನೆ ತೂರಿಸಲು ಹೊರಟಿತು. ಇದರ ಎರಡರಷ್ಟು ದೊಡ್ಡ ಹಡಗಿಗೆ ಸಲ್ಲುವ ಫಿರಂಗಿಗಳನ್ನೂ ಟಾರ್ಪಿಡೊ ಕೊಳವೆಗಳನ್ನೂ ಈ ಪುಟ್ಟ ಒಡಲಿನ ಮೇಲೆ ಕೂರಿಸಿ ಎಂದಿತು. ತೂಕ ಮಿತಿ ದಾಟಿದಾಗಲೆಲ್ಲ ಕೆಳಗಿನ ತಗಡು ತೆಳ್ಳಗಾಯಿತು, ಮೇಲಿನ ಫಿರಂಗಿ ಹಾಗೇ ಉಳಿಯಿತು. ಹಡಗು ಸೊಂಟ ಸಣ್ಣದಾಗಿ ತಲೆ ದಪ್ಪವಾಗಿ ಬೆಳೆಯಿತು.

ತೊಕುಜಿಯ ಭಯ ಅಷ್ಟಕ್ಕೇ ಅಲ್ಲ. ನಾಲ್ಕು ದಿನದ ಹಿಂದೆ ದಡದಲ್ಲೇ ವಾಲಿಕೆಯ ಪರೀಕ್ಷೆ ನಡೆದಿತ್ತು. ಕಬ್ಬಿಣದ ಗಟ್ಟಿಗಳನ್ನು ಎಡಬದಿಯಿಂದ ಬಲಬದಿಗೆ ಸರಿಸಿ, ಒಳಗೆ ಇಳಿಬಿಟ್ಟ ತೂಗುಗುಂಡು ಎಷ್ಟು ಸರಿಯುತ್ತದೆಂದು ಅಳೆಯುವುದು. ಗುಂಡು ಹೆಚ್ಚು ಸರಿದಷ್ಟೂ ಹಡಗು ಮಗುಚುವುದು ಸುಲಭ. ಪರೀಕ್ಷೆಯ ಹೊತ್ತಿಗೆ ಹಡಗನ್ನು ಕಟ್ಟಿದ ಹಗ್ಗಗಳೆಲ್ಲ ಸಡಿಲವಾಗಿರಬೇಕು. ಬಿಗಿ ಹಗ್ಗ ಹಡಗನ್ನು ವಾಲಲು ಬಿಡುವುದಿಲ್ಲ, ಗುಂಡು ಸುಳ್ಳು ಹೇಳುತ್ತದೆ. ಅಂದು ಅಳತೆ ಚೆನ್ನಾಗಿ ಬಂತು. ನಂಬಲಾಗದಷ್ಟು ಚೆನ್ನಾಗಿ ಬಂತು. ತೊಕುಜಿ ಹೊರಗೆ ಬಂದು ನೋಡಿದರೆ, ಇಳಿತಕ್ಕೆ ನೀರು ಕೆಳಗೆ ಹೋಗಿ, ಹಿಂಬದಿಯ ಹಗ್ಗ ತಂತಿಯಂತೆ ಬಿಗಿದು ನಿಂತಿತ್ತು.

ಅಷ್ಟರಲ್ಲಿ ನೌಕಾಪಡೆಯ ತನಿಖಾಧಿಕಾರಿ ಅಕಬಾನೆ ಅಂಕಿ ನೋಡಿ ನಕ್ಕಾಗಿತ್ತು. ಆ ಮನುಷ್ಯ ನಕ್ಕಿದ್ದನ್ನು ಕಟ್ಟೆಯಲ್ಲಿ ಯಾರೂ ಕಂಡಿರಲಿಲ್ಲ. ತೊಕುಜಿ ಹಗ್ಗದ ಮಾತೆತ್ತದೆ ಒಳಗೆ ಹೋದ. ಹಿಂದಿನ ವರ್ಷ ನೌಕಾಪಡೆಯ ಯುವ ಅಧಿಕಾರಿಗಳು ಪ್ರಧಾನಿಯ ಮನೆಗೆ ನುಗ್ಗಿ ಆತನನ್ನೇ ಗುಂಡಿಟ್ಟು ಕೊಂದಿದ್ದರು. ಅಂಥ ಕಾಲದಲ್ಲಿ 'ತೂಕ ಹೆಚ್ಚಾಗಿದೆ' ಎನ್ನುವವನು ವಿದೇಶಿಯರ ಒಪ್ಪಂದದ ಪರ ಎಂದಾಗಿಬಿಡುತ್ತಿದ್ದ.

ಇವತ್ತು ಜಲಸಂಧಿ ದಾಟಿದ ಮೇಲೆ ಪೂರ್ತಿ ವೇಗದಲ್ಲಿ ಚುಕ್ಕಾಣಿ ತಿರುಗಿಸುವ ಪರೀಕ್ಷೆ. ಮೊದಲು ಹದಿನೈದು ಡಿಗ್ರಿ, ಆಮೇಲೆ ಮೂವತ್ತೈದು. ಹಿಂದಿನ ಸಂಜೆ ಅವನು ಹಗ್ಗ ಸಡಿಲವಿದ್ದಿದ್ದರೆ ಎಂಬ ಅಂದಾಜಿನಲ್ಲಿ ಲೆಕ್ಕ ಮಾಡಿದ್ದ. ಮೂರು ಸಲ ಮಾಡಿದರೂ ಉತ್ತರ ಒಂದೇ. ಮೂವತ್ತೈದಕ್ಕೆ ವಾಲಿದ ಹಡಗು ಮತ್ತೆ ಏಳುವುದಿಲ್ಲ.

ಹಗ್ಗಗಳ ಮೇಸ್ತ್ರಿ ಗೊಂಜೊ ಫಿರಂಗಿಯ ಮರೆಯಲ್ಲಿ ಕೂತು ಹುಳಿ ಪ್ಲಮ್ಮಿನ ಅನ್ನದುಂಡೆ ತಿನ್ನುತ್ತಿದ್ದ. ಅರವತ್ತು ದಾಟಿದವನು. ಅಂಗಿಯ ಒಳಗೆ ಏನೋ ಉಬ್ಬಿತ್ತು. ತೊಕುಜಿ ಹತ್ತಿರ ಕೂತಾಗ ಮುದುಕ ತಾನಾಗಿಯೇ ಅಂಗಿ ಎತ್ತಿ ತೋರಿಸಿದ: ಬಿರಡೆಮರದ ತೇಲುಕವಚ.

"ನಮ್ಮೋಳು ನೋಡಿ ನಗಾಡಿದ್ಳು," ಅಂದ ಗೊಂಜೊ. "ಬಸುರಿ ಥರ ಕಾಣ್ತೀಯ ಅಂದ್ಳು. ಕಾಣ್ಲಿ ಬಿಡು, ಹೆತ್ಕೊಂಡು ಬರ್ತೀನಿ ಅಂದೆ."

ಯಾಕೆ ಹಾಕಿಕೊಂಡೆ ಎಂದು ತೊಕುಜಿ ಕೇಳಿದ. ಗೊಂಜೊ ಬೆರಳು ನೆಕ್ಕಿಕೊಂಡು ಸಮುದ್ರ ನೋಡಿದ.

"ಅವತ್ತು ಹಿಂದಿನ ಹಗ್ಗ ಬಿಗಿಯಾಗಿತ್ತಲ್ಲ ಸಾಹೇಬ್ರೆ, ನಾನೂ ನೋಡ್ದೆ. ಬಿಡಿಸೋಕೆ ಹೋಗ್ತಿದ್ದೆ. ನೀವು ಬಂದು ನೋಡಿ ಸುಮ್ನೆ ಒಳಗೆ ಹೋದ್ರಿ. ಓಹೋ, ಆಫೀಸಿನೋರಿಗೇ ಹೀಗೆ ಬೇಕೇನೋ ಅಂದ್ಕೊಂಡು ನಾನೂ ಸುಮ್ನಾದೆ."

ಇಲ್ಲ, ಹಾಗೇನೂ ಇರಲಿಲ್ಲ, ಹೆದರಿದ್ದೆ ಅಷ್ಟೆ ಎಂದು ತೊಕುಜಿ ಹೇಳಿದ. ಮುದುಕ ಉಳಿದ ಅನ್ನವನ್ನು ಎಲೆಯಲ್ಲಿ ಮತ್ತೆ ಸುತ್ತಿಟ್ಟ. ಹಾಗಾದರೆ ಮೇಲೆ ಚುಕ್ಕಾಣಿಯ ಹತ್ತಿರ ಅಕಬಾನೆ ಸಾಹೇಬರಿದ್ದಾರೆ, ಹೋಗಿ ಹೇಳಿ, ನನ್ನ ಮಾತು ಅವರು ಕೇಳುವುದಿಲ್ಲ, ನಿಮ್ಮದಾದರೆ ಅಂಕಿ ಇದೆ ಎಂದ.

ಮೇಲಕ್ಕೆ ಹೋಗುವ ಏಣಿಯಲ್ಲಿ ಹದಿನಾಲ್ಕು ಮೆಟ್ಟಿಲು. ಅವುಗಳ ತೂಕವೂ ತೊಕುಜಿಗೆ ಬಾಯಿಪಾಠ. ಅವನು ಏಳನೆಯದರ ಮೇಲಿದ್ದಾಗ ಮೊದಲ ತಿರುವು ಶುರುವಾಯಿತು. ಹಡಗು ಹೊರಮಗ್ಗುಲಿಗೆ ವಾಲಿತು. ಬೇಗ ಅಲ್ಲ, ಧಡಕ್ಕನೆ ಅಲ್ಲ, ನಿದ್ದೆ ಬಂದವನು ತಲೆ ಒರಗಿಸಿದ ಹಾಗೆ. ಏಣಿ ಅವನ ಬೆನ್ನ ಕಡೆಗೆ ಬಗ್ಗಿತು. ಅವನು ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದ. ಕಾಲ ಕೆಳಗೆ ನೀರು ಬೆಳ್ಳಗೆ ಕುದಿಯುತ್ತ ಓಡುತ್ತಿತ್ತು. ಹಡಗು ಅಲ್ಲೇ ನಿಂತುಬಿಟ್ಟಿತು. ಒಂದು, ಎರಡು, ಮೂರು ಎಂದು ಎಣಿಸಿದ. ಒಂಬತ್ತರವರೆಗೂ ಅದಕ್ಕೆ ಏಳುವ ಮನಸ್ಸೇ ಇರಲಿಲ್ಲ. ಹತ್ತಕ್ಕೆ ಸೋಮಾರಿಯಂತೆ ಎದ್ದಿತು.

ಅವನು ಮೇಲೆ ತಲುಪಿದಾಗ ಅಕಬಾನೆ ಖುಷಿಯಲ್ಲಿದ್ದ. ತೊಟ್ಟಿಲಿನಷ್ಟು ಮೆತ್ತಗಿದೆ ಎಂದು ಚುಕ್ಕಾಣಿ ಹಿಡಿದವನ ಹತ್ತಿರ ಹೇಳುತ್ತಿದ್ದ. ಈಗ ಮೂವತ್ತೈದು ಎಂದು ಕೈ ಎತ್ತಿದ.

ತೊಕುಜಿ ಹೇಳಿಬಿಟ್ಟ. ಸ್ವರ ತನ್ನದಲ್ಲದಂತೆ ಸಣ್ಣಗೆ ಬಂತು. ಹಗ್ಗ ಬಿಗಿಯಾಗಿತ್ತು, ಅಳತೆ ಸುಳ್ಳು, ಮೂವತ್ತೈದು ಕೊಟ್ಟರೆ ಎಲ್ಲರೂ ನೀರಿಗೆ.

ಅಕಬಾನೆಯ ಕೈ ಎತ್ತಿದಲ್ಲೇ ಉಳಿಯಿತು. ಆಮೇಲೆ ಮೆಲ್ಲಗೆ ಇಳಿದು ಮುಂದಿನ ಹಿತ್ತಾಳೆ ಕಂಬಿಯನ್ನು ಹಿಡಿಯಿತು. ತೊಕುಜಿಯನ್ನು ಮೂಲೆಗೆ ಕರೆದು, ಇನ್ನು ಯಾರಿಗೆ ಗೊತ್ತು ಎಂದು ಕೇಳಿದ.

"ನನಗೊಬ್ಬನಿಗೇ," ಅಂದ ತೊಕುಜಿ.

"ಇದನ್ನ ಸರಿಮಾಡೋಕೆ ಏನು ಬೇಕು?"

"ಒಂದು ಫಿರಂಗಿ ಇಳಿಸ್ಬೇಕು. ಇಲ್ಲಾ ತಳದಲ್ಲಿ ಭಾರ ತುಂಬ್ಬೇಕು."

"ಫಿರಂಗಿ ಇಳಿಸಿದ್ರೆ ಇದು ಮೀನಿನ ದೋಣಿ. ಭಾರ ತುಂಬಿದ್ರೆ ಆರುನೂರು ದಾಟುತ್ತೆ. ಲಂಡನ್ನಿನ ಲೆಕ್ಕ ತಪ್ಪಿದ್ದು ನನ್ನ ರುಜು ಇರೋ ಕಾಗದದಲ್ಲೇ ಬರ್ಬೇಕಾ? ನನ್ನನ್ನ ಏನು ಮಾಡ್ತಾರೆ ಗೊತ್ತಾ ನಿಂಗೆ?"

ಗೊತ್ತಿತ್ತು. ಅಕಬಾನೆಯ ಮೇಲ್ದುಟಿಯ ಮೇಲೆ ಬೆವರು ಕೂತಿತ್ತು. ಆ ಮನುಷ್ಯನೂ ತನ್ನಷ್ಟೇ ಹೆದರಿದ್ದಾನೆಂದು ಕಂಡಾಗ ತೊಕುಜಿಗೆ ಧೈರ್ಯ ಬರಲಿಲ್ಲ, ಇದ್ದದ್ದೂ ಹೋಯಿತು.

ಅಕಬಾನೆ ತಿರುಗಿ ಹೋಗಿ, ಇನ್ನೊಮ್ಮೆ ಹದಿನೈದು ಎಂದು ಆಜ್ಞೆ ಕೊಟ್ಟ. ಚುಕ್ಕಾಣಿಯವನು ಒಂದು ಕ್ಷಣ ಅವನ ಮುಖ ನೋಡಿ ಚಕ್ರ ತಿರುಗಿಸಿದ. ಹಡಗು ಮತ್ತೆ ನಿಧಾನವಾಗಿ ಮಲಗಿ, ನಿಧಾನವಾಗಿ ಎದ್ದಿತು. ಅಕಬಾನೆ ಪರೀಕ್ಷೆಯ ಹಾಳೆಯಲ್ಲಿ ಮೂವತ್ತೈದು ಎಂದು ಬರೆದು ತೊಕುಜಿಯ ಮುಂದೆ ಹಿಡಿದ. ತೊಕುಜಿ ಜೇಬಿನಿಂದ ಮುದ್ರೆ ತೆಗೆದ. ಒತ್ತದಿದ್ದರೆ ಏನಾಗುತ್ತದೆಂದು ಯೋಚಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಅವನ ಹೆಸರು ಕೆಂಪಗೆ, ನೆಟ್ಟಗೆ ಮೂಡಿತು.

ಮಧ್ಯಾಹ್ನ ಹಡಗು ದಡಕ್ಕೆ ಬಂತು. ಗೊಂಜೊ ಏನಾಯಿತೆಂದು ಕೇಳಲಿಲ್ಲ. ಎರಡೂ ಸಲ ಹಡಗು ವಾಲಿದ್ದು ಒಂದೇ ಅಳತೆ ಎಂದು ಅವನ ಕಾಲಿಗೆ ತಿಳಿದಿತ್ತು. ಹಗ್ಗ ಕಟ್ಟಿ, ತೊಕುಜಿಯ ಕಡೆ ನೋಡದೆ ಹೊರಟುಹೋದ.

ಹಡಗನ್ನು ವಹಿಸಿಕೊಳ್ಳಲು ಬಂದ ನಾವಿಕರು ಚೀಲ ಹೊತ್ತು ದಡದಲ್ಲಿ ಸಾಲಾಗಿ ನಿಂತಿದ್ದರು. ನೂರಕ್ಕೂ ಹೆಚ್ಚು ಜನ. ಚಳಿಗಾಲದ ಹೊರ ಸಮುದ್ರಕ್ಕೆ ಹೋಗುವವರು. ತೊಕುಜಿ ಹಲಗೆ ಇಳಿದು ಬರುವಾಗ ಸಾಲಿನಲ್ಲಿದ್ದ ದುಂಡು ಮುಖದವನೊಬ್ಬ, ಹೇಗಿದೆ ಅಣ್ಣ ಹಡಗು ಎಂದು ಕೇಳಿದ. ಅಕಬಾನೆ ಹಿಂದೆಯೇ ಇಳಿಯುತ್ತಿದ್ದ. ಅವನ ಬೂಟಿನ ಸದ್ದು ಹಲಗೆಯ ಮೇಲೆ ಕೇಳುತ್ತಿತ್ತು.

"ತಿರುಗಿಸೋವಾಗ ನಿಧಾನ," ಅಂದ ತೊಕುಜಿ, ತುಟಿ ಅಲ್ಲಾಡಿಸದ ಹಾಗೆ.

ನಾವಿಕ ಪಕ್ಕದವನಿಗೆ ಮೊಣಕೈ ತಿವಿದು ನಕ್ಕ. "ಏನಣ್ಣ, ವಾಂತಿ ಆಯ್ತಾ?"

ಬೂಟಿನ ಸದ್ದು ಬೆನ್ನ ಹಿಂದೆ ಬಂದು ನಿಂತಿತು.

"ಹೂಂ," ಅಂದ ತೊಕುಜಿ. "ವಾಂತಿ ಆಯ್ತು."