ಅಭ್ಯರ್ಥಿ ಪರಿಚಿತರೇ?

ಹದಿಮೂರನೆಯ ಉತ್ತರ ತೆರೆದು ನಾಲ್ಕನೆಯ ಸಾಲಿಗೆ ಬಂದವನು ಮೌಸಿನಿಂದ ಕೈ ತೆಗೆದ. ಪರದೆಯ ಮೇಲೆ ಅವನ ಹೆಂಡತಿ ಇದ್ದಳು.

ಹೆಸರಿರಲಿಲ್ಲ, ಮುಖವಿರಲಿಲ್ಲ. ಯಾವ ವಯಸ್ಸು, ಗಂಡೋ ಹೆಣ್ಣೋ, ಏನೂ ತಿಳಿಯಬಾರದೆಂದೇ ಬರೀ ಸಂಖ್ಯೆ ಕೊಟ್ಟು ನಡೆಸುವ ಪರೀಕ್ಷೆ ಅದು. ಎರಡು ಹುದ್ದೆಗೆ ಹದಿನೇಳು ಮಂದಿ. ಕ್ಲಿನಿಕ್ಕಿನಲ್ಲಿ ಕಾದು ಕೂತವರ ಸರದಿ ತೋರಿಸುವ ಒಂದು ವೆಬ್ ಪುಟ ಮಾಡಿ ಕಳಿಸಿ ಎಂದು ಆಫೀಸಿನವರು ಹೇಳಿದ್ದರು, ಅವರೆಲ್ಲ ಕಳಿಸಿದ್ದರು. ಸಂಜೆ ನಾಲ್ಕರೊಳಗೆ ಇಬ್ಬರನ್ನು ಉಳಿಸಿಕೊಂಡು ಹದಿನೈದು ಮಂದಿಗೆ ಬಾಗಿಲು ಹಾಕುವ ಪುಣ್ಯದ ಕೆಲಸ ಅವನ ಪಾಲಿಗೆ ಬಂದಿತ್ತು. ಇಪ್ಪತ್ತು ವರ್ಷ ಪುಟ ಕಟ್ಟಿದವನಿಗೆ ಈಚೆಗೆ ಇಂಥ ಕೆಲಸಗಳೇ ಹೆಚ್ಚು ಬರುತ್ತಿದ್ದವು.

ಕೋಡಿನ ನಾಲ್ಕನೆಯ ಸಾಲಿನಲ್ಲಿ ರೋಗಿಗಳ ಪಟ್ಟಿ ಶುರುವಾಗಿತ್ತು. ಯಂತ್ರ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯರ ಹಾಗೆ ಒಂದರಿಂದ ಅಲ್ಲ. ಈ ಕಸುಬಿಗೆ ಬಂದ ಮೂರನೆಯ ದಿನಕ್ಕೇ ಅದು ರೂಢಿಯಾಗಿಬಿಡುತ್ತದೆ. ಇಲ್ಲಿ ಮಾತ್ರ ಸೊನ್ನೆಯ ಜಾಗ ಖಾಲಿ. ರೋಗಿಗಳು ಒಂದರಿಂದ ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಓದುವವರಿಗೆಂದು ಒಂದು ಟಿಪ್ಪಣಿ: 'ಇಲ್ಲಿ ಯಾರನ್ನೂ ಕೂರಿಸಬೇಡಿ.'

ಆ ಮಾತು ಲೋಕದ ಯಾವ ಪುಸ್ತಕದಲ್ಲೂ ಇಲ್ಲ. ಅದು ಅವನದು.

ಹದಿನಾಲ್ಕು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ನನಗೂ ಹೇಳಿಕೊಡಿ ಎಂದು ಅವಳು ನೋಟ್‌ಬುಕ್ ಹಿಡಿದು ಕೂತಿದ್ದಳು. ಸೊನ್ನೆಯಿಂದ ಯಾಕೆ ಎಣಿಸಬೇಕು ಎಂದು ಐದು ಸಲ ಕೇಳಿದಳು. ಆರನೆಯ ಸಲಕ್ಕೆ ಅವನ ತಾಳ್ಮೆ ತಪ್ಪಿತು. "ಸೊನ್ನೇಲಿ ಯಾರನ್ನೂ ಕೂರಿಸ್ಬೇಡ ಮಾರಾಯ್ತಿ. ಜಾಗ ಖಾಲಿ ಬಿಡು. ಮುಗೀತು." ಅವಳು ಬರೆದುಕೊಂಡಳು. ಹತ್ತನೆಯ ದಿನ ಅವನು, "ಇದು ನಿನ್ನ ತಲೆಗೆ ಹತ್ತಲ್ಲ, ಬಿಡು," ಎಂದ. ನಗುತ್ತಲೇ ಅಂದಿದ್ದ. ಅವಳು ಸರಿ ಎಂದು ನೋಟ್‌ಬುಕ್ ಮುಚ್ಚಿ ಎದ್ದು ಹೋದಳು. ಅಲ್ಲಿಗೆ ಆ ವಿಷಯ ಮುಗಿಯಿತೆಂದೇ ಅವನು ತಿಳಿದಿದ್ದ.

ಈಗ ನೋಡಿದರೆ ಮುಗಿದಿರಲಿಲ್ಲ. ತನಗೆ ಬಂದದ್ದು ಸಿಟ್ಟೆಂದು ಗೊತ್ತಾಗಲು ಅವನಿಗೆ ಒಂದು ನಿಮಿಷ ಬೇಕಾಯಿತು.

ಎಲಾ ಇವಳಾ! ಬೆಳಗ್ಗೆ ಐದಕ್ಕೇ ಅಡುಗೆಮನೆಯಲ್ಲಿ ದೀಪ. ಅಂಗಿಗಳಿಗೆ ಇಸ್ತ್ರಿ ಹಾಕುವಾಗ ಕಿವಿಯಲ್ಲಿ ಸಿಕ್ಕಿಸಿಕೊಂಡ ತಂತಿ. ಏನು ಕೇಳ್ತಿದೀಯ ಎಂದರೆ, "ಹೀಗೇ, ಏನೋ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ಹಾಡು ಕೇಳುತ್ತಾಳೆಂದು ಅವನು ನಂಬಿದ್ದ. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವನೂ ಕಲಿಯುತ್ತಲೇ ಇದ್ದ. ಒಂದೇ ಮನೆ, ಎರಡು ಬಾಗಿಲು, ಎರಡರ ಹಿಂದೆಯೂ ಪಾಠ. ಆದರೆ ತನ್ನದು ಹೊಟ್ಟೆಪಾಡು, ಅವಳಿಗೇನಾಗಿತ್ತು ಧಾಡಿ?

ಇಪ್ಪತ್ತು ವರ್ಷದಲ್ಲಿ ಅವನು ಪುಟ ಕಟ್ಟುವುದನ್ನು ಹನ್ನೊಂದು ಬಗೆಯಲ್ಲಿ ಕಲಿತಿದ್ದ. ಅವುಗಳಲ್ಲಿ ಹತ್ತು ಸತ್ತಿದ್ದವು. ಬಡಗಿಯ ಮಗ ಅಪ್ಪನ ಉಳಿಯಲ್ಲೇ ಬದುಕು ಸಾಗಿಸಬಹುದು. ಇಲ್ಲಿ ಕೈ ಪಳಗುವುದರೊಳಗೆ ಉಳಿಯೇ ಮಾಯ. ಮಗಳ ಮೊದಲ ಹೆಜ್ಜೆಯನ್ನು ಅವನು ನೋಡಿದ್ದು ಫೋನಿನಲ್ಲಿ; ಆ ವಾರ ಏಳನೆಯದನ್ನು ಕಲಿಯುತ್ತಿದ್ದ. ಆ ಏಳನೆಯದು ಒಂದೂವರೆ ವರ್ಷ ಬದುಕಿತು. ಈಗ ಅವನಿಗಿಂತ ಹದಿನೈದು ವರ್ಷ ಚಿಕ್ಕವನಾದ ಮ್ಯಾನೇಜರು ಪ್ರತಿ ಸೋಮವಾರ 'ಕಲಿಕೆಗೆ ಕೊನೆಯಿಲ್ಲ' ಎಂದು ಎಲ್ಲರಿಗೂ ಪತ್ರ ಕಳಿಸುತ್ತಾನೆ. ಕೊನೆಯಿಲ್ಲವಂತೆ. ಇವನಪ್ಪನ ಮನೆಯ ಗಂಟೇನು ಹೋಗಬೇಕು!

ಇಷ್ಟೆಲ್ಲ ತೆತ್ತು ಅವನು ಗಿಟ್ಟಿಸಿಕೊಂಡಿದ್ದು ಒಂದು ಕುರ್ಚಿ. ಅದರ ಪಕ್ಕದ ಕುರ್ಚಿಗೆ ಇವಳು ಇಸ್ತ್ರಿ ಹಾಕುತ್ತಾ ಹಾಕುತ್ತಾ ಬಂದು ಕೂರುತ್ತಾಳೆ. ಹೊಸಬರಿಬ್ಬರೂ ಅವನ ತಂಡಕ್ಕೇ ಬರುವವರು. ಮೀಟಿಂಗಿನಲ್ಲಿ ಅವನು ತಡವರಿಸುವುದನ್ನು ಅವಳು ನೋಡುತ್ತಾಳೆ. ಆ ಚಿಕ್ಕ ಮ್ಯಾನೇಜರು ಅವನನ್ನು ಹೆಸರು ಹಿಡಿದು ಕರೆದು ಕೆಲಸ ಹೇಳುವುದನ್ನು ನೋಡುತ್ತಾಳೆ. ಸಂಜೆ ಒಂದೇ ಬಸ್ಸಿನಲ್ಲಿ, ಏನೂ ನೋಡದವಳ ಹಾಗೆ, ಪಕ್ಕದಲ್ಲಿ ಕೂತು ಮನೆಗೆ ಬರುತ್ತಾಳೆ.

"ಸರ್, ಹದಿಮೂರು ನೋಡಿದ್ರಾ?"

ಜೊತೆಯಲ್ಲಿ ಪರಿಶೀಲನೆಗೆ ಹಾಕಿದ್ದ ಹುಡುಗಿ ಎದುರಿನ ಮೇಜಿನಿಂದ ಕತ್ತು ಚಾಚಿದಳು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಆಫೀಸೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿತ್ತು. ಅವಳೂ ಅದಕ್ಕೆ ಓಗೊಡುತ್ತಿದ್ದಳು.

"ನೋಡ್ತಾ ಇದೀನಿ."

"ಅದೊಂದೇ ಸರ್ ತಪ್ಪಿಲ್ದೆ ಮೊದಲ ಸಲಕ್ಕೇ ಓಡಿದ್ದು. ನನ್ನ ಕಡೆಯಿಂದ ಹೂಂ."

"ಅಷ್ಟು ಅವಸರ ಯಾಕೆ?"

"ಅವಸರ ಅಲ್ಲ. ಮೇಲ್ಗಡೆ ಗುಂಡಿ ಒತ್ತಿ ನೋಡಿ, ಅಕ್ಷರ ದೊಡ್ಡದಾಗುತ್ತೆ. ಕಣ್ಣು ಮಂಜಾದವರೂ ಕ್ಲಿನಿಕ್ಕಿಗೆ ಬರ್ತಾರೆ ಅಂತ ಹದಿನೇಳು ಜನದಲ್ಲಿ ಇವರೊಬ್ಬರಿಗೇ ಹೊಳೆದಿರೋದು."

ಅವನು ಒತ್ತಿದ. ಅಕ್ಷರ ದೊಡ್ಡದಾಯಿತು. ಚೆನ್ನಾಗಿಯೇ ಇತ್ತು. ಅದೇ ಅವನಿಗೆ ಇನ್ನಷ್ಟು ಉರಿಸಿತು.

"ಸೊನ್ನೆ ಖಾಲಿ ಬಿಟ್ಟಿದಾರೆ, ನೋಡಮ್ಮ."

"ನೋಡ್ದೆ. ಯಾರೋ ಸೋಮಾರಿ ಮೇಷ್ಟ್ರು ಹೇಳಿಕೊಟ್ಟಿರ್ಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಬುನಾದಿಯೇ ಸರಿ ಇಲ್ದಿದ್ರೆ ಹೇಗೆ?"

"ಬುನಾದಿ ಅಲ್ಲ ಸರ್, ಅಭ್ಯಾಸ. ಒಂದು ಮಧ್ಯಾಹ್ನ ಕೂತ್ರೆ ತಿದ್ದಬಹುದು."

"ತಿದ್ದೋರು ಯಾರು? ನನಗೆ ಪುರುಸೊತ್ತಿಲ್ಲ."

ಅವಳು ಅವನ ಮುಖವನ್ನೊಮ್ಮೆ ನೋಡಿದಳು. "ನೀವು ದೊಡ್ಡವರು, ಬೇಡ ಅಂದ್ರೆ ಬೇಡ. ಆದ್ರೆ ಅಭ್ಯರ್ಥಿಗೆ ಹೋಗೋ ಕಾರಣ ನೀವೇ ಬರೀಬೇಕು. ನಾನು ಬರೆಯಲ್ಲ."

ಅವಳು ಊಟಕ್ಕೆ ಎದ್ದು ಹೋದಳು. ಅವನು ಪರಿಶೀಲನೆಯ ಹಾಳೆ ತೆರೆದ. ಮೊದಲ ಪ್ರಶ್ನೆ: 'ಅಭ್ಯರ್ಥಿ ನಿಮಗೆ ಪರಿಚಿತರೇ?' ಹೌದು ಎಂದರೆ ಆ ಉತ್ತರ ತಾನಾಗಿಯೇ ಬೇರೆ ಯಾರ ಮೇಜಿಗೋ ಹೋಗುತ್ತದೆ, ಅವನ ತಲೆಯ ಮೇಲಿನ ಭಾರ ಇಳಿಯುತ್ತದೆ. ಒಂದು ಗೀಟಿನ ಕೆಲಸ. ಆದರೆ ಬೇರೆಯವರ ಮೇಜಿಗೆ ಹೋದರೆ ಹೆಂಡತಿ ಪಾಸಾಗುತ್ತಾಳೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹದಿಮೂರು ಎನ್ನುವುದು ಒಂದು ಸಂಖ್ಯೆ. ಸಂಖ್ಯೆಯ ಪರಿಚಯ ಯಾರಿಗಿರುತ್ತದೆ? ಅಲ್ಲದೆ, ಬೆಳಗ್ಗೆ ಐದಕ್ಕೆ ಎದ್ದು ಇದನ್ನೆಲ್ಲ ಕಲಿತ ಹೆಂಗಸನ್ನು ತಾನು ಯಾವತ್ತಾದರೂ ನೋಡಿದ್ದೇನೆಯೇ? ಈ ತರ್ಕ ಅವನಿಗೆ ಹಿಡಿಸಿತು. 'ಇಲ್ಲ' ಎಂದು ಗುರುತು ಹಾಕಿದ.

ಕಾರಣ ಬರೆಯಲು ಕೂತ. 'ಮೂಲಭೂತ ತಿಳಿವಳಿಕೆ ಸಾಲದು' ಎಂದು ಶುರುಮಾಡಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕೈ ನಿಲ್ಲಲಿಲ್ಲ. ಯಂತ್ರ ಎಣಿಸುವುದು ಹೆಸರುಗಳನ್ನಲ್ಲ, ದೂರವನ್ನು ಎಂದು ಬರೆದ. ಪಟ್ಟಿಯ ಬಾಗಿಲಿನಿಂದ ಎಷ್ಟು ಹೆಜ್ಜೆ ಎನ್ನುವುದೇ ಅದರ ಲೆಕ್ಕ. ಬಾಗಿಲಲ್ಲೇ ನಿಂತವನಿಗೆ ಒಂದು ಹೆಜ್ಜೆಯೂ ಇಡಬೇಕಿಲ್ಲ, ಅದಕ್ಕೇ ಅವನು ಸೊನ್ನೆ. ಒಂದು ಚಿತ್ರ ಬರೆದ. ಎರಡು ಉದಾಹರಣೆ ಕೊಟ್ಟ. ಅರ್ಧ ಪುಟವಾಯಿತು. ಇಷ್ಟು ತಿಳಿಯಾಗಿ ಅವನು ಜನ್ಮದಲ್ಲಿ ಯಾರಿಗೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಕಡ್ಡಿ ಊಟ ಮುಗಿಸಿ ಬರುವುದರೊಳಗೆ ಕಳಿಸಿಬಿಟ್ಟಿದ್ದ.

ಆಮೇಲೆ ಹಸಿವಾಗಲಿಲ್ಲ. ಹೆಂಡತಿ ಕಟ್ಟಿಕೊಟ್ಟಿದ್ದ ಡಬ್ಬಿಯನ್ನು ತೆರೆಯದೆಯೇ ವಾಪಸು ತಂದ.

ಬಸ್ಸಿನಲ್ಲಿ ಬರುತ್ತಾ ಬೈಗುಳ ಜೋಡಿಸಿಕೊಂಡ. ಅವಳು ಇವತ್ತೂ ಮುಚ್ಚಿಡುತ್ತಾಳೆ. ಮುಖ ಸಪ್ಪೆ ಮಾಡಿಕೊಂಡು ಏನಿಲ್ಲ ಎನ್ನುತ್ತಾಳೆ. ಆಗ ಹಿಡಿದುಕೊಳ್ಳಬೇಕು: ಕಟ್ಟಿಕೊಂಡ ಗಂಡನ ಹತ್ತಿರ ಎಷ್ಟು ವರ್ಷದಿಂದ ಈ ನಾಟಕ? ಅವಳು ಮುಚ್ಚಿಟ್ಟದ್ದು ದೊಡ್ಡದಾದರೆ ತಾನು ಮಾಡಿದ್ದು ಚಿಕ್ಕದಾಗುತ್ತದೆ. ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಪೂರಾ ತಯಾರಾಗಿದ್ದ.

ಅವಳು ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಮುಚ್ಚಲೂ ಇಲ್ಲ.

"ಬಂದ್ರಾ? ಕೂತ್ಕೊಳ್ಳಿ. ಒಂದು ವಿಷಯ ಹೇಳ್ಬೇಕು."

"ಏನು?"

"ಬೈಬಾರದು."

"ಏನು ಅಂತ ಹೇಳು ಮೊದಲು."

"ನಿಮ್ಮ ಆಫೀಸಿಗೆ ಅರ್ಜಿ ಹಾಕಿದ್ದೆ. ಸಿಗಲಿಲ್ಲ."

ಒಳಕೋಣೆಯಿಂದ ಮಗಳ ದನಿ ಕೇಳಿತು: "ಅಮ್ಮ ಎರಡು ವರ್ಷ ಓದಿದ್ದಾಳೆ ಅಪ್ಪ! ನಂಗೆ ಮೊದಲೇ ಗೊತ್ತಿತ್ತು!"

"ನೀನು ಸುಮ್ನಿರೇ," ಎಂದು ನಕ್ಕು ಅವಳು ಅವನ ಕಡೆ ತಿರುಗಿದಳು. "ನಿಮಗೆ ಹೇಳಿದ್ರೆ ಯಾರ ಹತ್ರನಾದ್ರೂ ಮಾತಾಡ್ತಿದ್ರಿ. ಗಂಡನ ದೆಸೆಯಿಂದ ಸಿಕ್ತು ಅನ್ನಿಸಿಕೊಳ್ಳೋದು ಬೇಡಾಗಿತ್ತು. ಹೆಸರಿಲ್ಲದ ಪರೀಕ್ಷೆ ಅಂದ್ರು. ನೋಡೇಬಿಡೋಣ ಅಂತ ಕೂತೆ."

ಬಸ್ಸಿನಲ್ಲಿ ಜೋಡಿಸಿದ್ದ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಇಷ್ಟು ನೆಟ್ಟಗೆ ಹೇಳಿಬಿಟ್ಟಳಲ್ಲ ಎಂದು ಅವನಿಗೆ ಹೊಸದಾಗಿ ರೇಗಿತು. ಮನುಷ್ಯನಿಗೆ ಕೂಗಾಡಲು ಒಂದು ಎಡೆಯನ್ನಾದರೂ ಬಿಡಬೇಡವೇ?

"ಯಾರು ನೋಡ್ತಾರೆ ಇದನ್ನೆಲ್ಲ? ನಿಮಗೆ ಗೊತ್ತಿರೋರಾ?" ಎಂದು ಅವಳೇ ಕೇಳಿದಳು.

"ಬೇರೆ ವಿಭಾಗ. ನಮಗೆ ಗೊತ್ತಾಗಲ್ಲ."

"ಯಾರೇ ಆಗ್ಲಿ. ಮೊದಲ ಸಾಲು ಓದಿ ಎದೆ ಧಸಕ್ ಅಂತು ನೋಡಿ. ತಿಳಿವಳಿಕೆ ಸಾಲದು ಅಂತೆ. ಒಂದು ಗಳಿಗೆ ಹೋಗಿ ಬಚ್ಚಲಲ್ಲಿ ಅತ್ತೆ. ಆಮೇಲೆ ಮುಂದಕ್ಕೆ ಓದಿದೆ." ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಾರೆ! ಬಾಗಿಲು, ಹೆಜ್ಜೆ. ಚಿತ್ರ ಬೇರೆ. ಸೊನ್ನೆ ಯಾಕೆ ಅಂತ ನನಗೆ ಇವತ್ತು ಅರ್ಥ ಆಯ್ತು ರೀ. ಇವರು ಮೊದಲೇ ಸಿಕ್ಕಿದ್ದಿದ್ರೆ ನಾನು ಎಲ್ಲೋ ಇರ್ತಿದ್ದೆ."

ಅವನು ತನ್ನ ಅರ್ಧ ಪುಟವನ್ನು ಮೊದಲ ಸಲ ಓದುವವನ ಹಾಗೆ ಓದಿದ. ಖಾಲಿ ಬಿಡಲು ಹೇಳಿಕೊಟ್ಟವನು ಯಾರು ಎಂದು ಅವಳು ಅನ್ನಲಿಲ್ಲ. ಮರೆತಿದ್ದಳೋ, ಮರ್ಯಾದೆಗೆ ಸುಮ್ಮನಿದ್ದಳೋ ಅವನಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

"ಇವರಿಗೊಂದು ಥ್ಯಾಂಕ್ಸ್ ಬರೀಬೇಕು. ಇಲ್ಲಿ ಹಾಕಿದಾರೆ ನೋಡಿ, ಉತ್ತರ ಬರೆದ್ರೆ ಪರಿಶೀಲಿಸಿದವರಿಗೇ ಹೋಗುತ್ತಂತೆ. ಎರಡು ಕಡೆನೂ ಹೆಸರು ಕಾಣಲ್ವಂತೆ."

"ಅದೆಲ್ಲ ಯಾಕೀಗ? ಬೇಡ ಅಂದೋರಿಗೆ ಥ್ಯಾಂಕ್ಸ್ ಬೇರೆ ಕೇಡು."

"ಅಯ್ಯೋ, ಇರ್ಲಿ. ಅಷ್ಟು ಹೊತ್ತು ನನಗೋಸ್ಕರ ಕೂತಿದಾರಲ್ಲ. ಆಫೀಸಿನವರಿಗೆ ಹೇಗೆ ಬರೀಬೇಕು, ನೀವು ಹೇಳಿ. ನಾನು ಟೈಪ್ ಮಾಡ್ತೀನಿ."

ಅವನು ಹೇಳಿದ. ಬೇರೆ ದಾರಿ ಇರಲಿಲ್ಲ. "ಮಾನ್ಯರೇ," ಎಂದ.

"ಮಾನ್ಯರೇ," ಎಂದು ಅವಳು ಒತ್ತಿದಳು.

"ನಿಮ್ಮ ಅಮೂಲ್ಯ ಸಮಯಕ್ಕಾಗಿ ಧನ್ಯವಾದಗಳು."

"ಹೂಂ."

"ನನ್ನ ತಪ್ಪು ನನಗೆ ತಿಳಿಯಿತು."

ಅವಳು ಅದನ್ನೂ ಒತ್ತಿ, ಒಂದು ಸಲ ಗಟ್ಟಿಯಾಗಿ ಓದಿಕೊಂಡಳು. "ಚೆನ್ನಾಗಿದೆ. ಕಳಿಸ್ಲಾ?"

"ಕಳಿಸು."

ಅವನ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಅವನು ಅದನ್ನು ತೆಗೆದು ಮೇಜಿನ ಕೆಳಗೆ, ತೊಡೆಯ ಮೇಲೆ ಹಿಡಿದ. ಮಾನ್ಯರೇ, ಎಂದಿತ್ತು. ಕೆಳಗೆ, ಅವಸರದವರಿಗೆಂದು ಯಂತ್ರವೇ ಬರೆದಿಟ್ಟ ಮೂರು ಉತ್ತರ: ಧನ್ಯವಾದ. ಶುಭವಾಗಲಿ. ವಿಷಾದಿಸುತ್ತೇವೆ.

ನಾನೇ ಕಣೇ ಅದು, ಎಂದು ಹೇಳಬೇಕಿತ್ತು. ಮೂರು ಪದ. ಅವನ ಬಾಯಿ ತೆರೆಯಿತು ಕೂಡ. ಆದರೆ ಅಷ್ಟರಲ್ಲಿ ಹೆಬ್ಬೆರಳು ಎರಡನೆಯ ಉತ್ತರವನ್ನು ಒತ್ತಿಬಿಟ್ಟಿತ್ತು.

ಎದುರಿಗಿದ್ದ ಲ್ಯಾಪ್‌ಟಾಪು ಟಿಣ್ ಎಂದಿತು.

"ಅಯ್ಯೋ, ಆಗ್ಲೇ ಬಂತು ನೋಡಿ! ಶುಭವಾಗಲಿ ಅಂತೆ!" ಅವಳ ಮುಖ ಇಷ್ಟಗಲವಾಯಿತು. ಅವನು ಯಾವತ್ತೋ, ಯಾವ ಮಾತಿಗೋ ಕಂಡಿದ್ದ ಮುಖ ಅದು. "ಒಳ್ಳೇ ಮನುಷ್ಯ ಇರ್ಬೇಕು. ಇನ್ನೊಂದು ಬರೆದ್ರೆ ಬೇಜಾರು ಮಾಡ್ಕೋತಾರಾ?"

"ಗೊತ್ತಿಲ್ಲ."

"ಬರೀತೀನಿ."

"ಏನು ಬರೀಬೇಕು ಅಂತ ನಾನೇ ಹೇಳ್ತೀನಿ, ನೀನು ಟೈಪ್ ಮಾಡು."

"ಬೇಡ ಬಿಡಿ. ಇದು ನಾನೇ ಬರ್ಕೋತೀನಿ."

ಅವಳು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಬರೆಯತೊಡಗಿದಳು. ನಿಲ್ಲಿಸಿ, ಯೋಚಿಸಿ, ಅಳಿಸಿ, ಮತ್ತೆ ಬರೆದಳು. ತುಂಬ ಇತ್ತು ಅವಳಿಗೆ ಹೇಳುವುದು. ಅವನಿಗೆ ಕಾಣುತ್ತಿದ್ದುದು ಲ್ಯಾಪ್‌ಟಾಪಿನ ಬೆನ್ನು, ಅದರ ಮೇಲೆ ಅವಳ ಹಣೆ. ಅವನು ಮೇಜಿನ ಕೆಳಗೆ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಒಂದು ಮೊಳ ಆಚೆ ಕೂತ ಹೆಂಡತಿ ತನಗೆ ಏನು ಹೇಳುತ್ತಾಳೋ ಎಂದು ಕಾಯುತ್ತಾ ಕೂತ.