ಅಭ್ಯಾಸದ ಕಾಲು

"ಅದು ಕಾಲು ಕಣ್ರೀ, ಕೀಬೋರ್ಡ್ ಅಲ್ಲ," ಎಂದಳು ವತ್ಸಲಾ.

ಸೇತುರಾಮ ಬೆರಳುಗಳನ್ನು ಹಿಂದಕ್ಕೆಳೆದುಕೊಂಡ. ತಂಜಾಂಗ್ ಪಗಾರ್‌ನ ಆ ಹಳೆಯ ಕಟ್ಟಡದ ಮಹಡಿಯಲ್ಲಿ ಆರೇಳು ಬಸುರಿಯರು ದಿಂಬಿಗೊರಗಿ ಕಾಲು ಚಾಚಿದ್ದರು. ಒಬ್ಬೊಬ್ಬಳ ಪಾದದ ಬಳಿ ಒಬ್ಬೊಬ್ಬ ಗಂಡ, ಅಂಗೈ ತುಂಬ ಎಣ್ಣೆ. ಶನಿವಾರ ಬ್ಯಾಂಕು ಅರ್ಧ ದಿನವಾದ್ದರಿಂದ ಸೇತುರಾಮ ಆಫೀಸಿನಿಂದ ನೇರ ಟೈ ಸಮೇತ ಬಂದಿದ್ದ. ಟೈ ಆಗಲೇ ಎಣ್ಣೆ ಕುಡಿದಿತ್ತು.

ಕಲಿಸುವ ರೋಹಾನಾ ನಿವೃತ್ತ ನರ್ಸ್. ಅಷ್ಟು ಸಣ್ಣ ಕೋಣೆಯಲ್ಲೂ ಮೈಕು ಹಿಡಿದೇ ಮಾತಾಡುತ್ತಿದ್ದರು. ಡಾಕ್ಟರನ್ನು ಕೇಳಿಕೊಂಡು ಹಗುರವಾಗಿ ಒತ್ತಿದರೆ ಕಾಲಿನ ಊತಕ್ಕೆ ಹಿತ, ಸೊಂಟದ ನೋವು ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ, ಹೊಟ್ಟೆಯನ್ನು ಮಾತ್ರ ಒತ್ತಕೂಡದು ಎಂದೆಲ್ಲ ಹೇಳಿ, "ಬಟ್ ನಂಬರ್ ವನ್ ಬೆನಿಫಿಟ್ ಆ, ವೈಫ್ ನಾಟ್ ಲೋನ್ಲಿ ಲಾ," ಎಂದರು.

ವತ್ಸಲಾ ಕಿಟಕಿಯ ಕಡೆ ನೋಡಿದಳು.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಮಂಡ್ಯದಿಂದ ಅವಳ ಅಮ್ಮ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಇನ್ನು ತಡಮಾಡಿದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಇಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದವಳು ವತ್ಸಲಾಳೇ. ಅವಳೇ ಈ ಬೆಳಿಗ್ಗೆ ಕಾಫಿ ಲೋಟ ಮುಂದಿಡುತ್ತ, "ಕ್ಲಾಸ್ ಮುಗೀಲಿ. ಇರ್ತೀನೋ ಹೋಗ್ತೀನೋ ಸಂಜೆ ಹೇಳ್ತೀನಿ," ಎಂದಿದ್ದಳು.

ಅವಳು ಹೋಗಬಾರದೆಂದು ಸೇತುರಾಮನಿಗೆ ಒಳಗೊಳಗೇ ಅನ್ನಿಸಿತ್ತು. "ನಿನ್ನಿಷ್ಟ," ಎಂದಿದ್ದ.

ಈ ಕ್ಲಾಸಿನ ಸುದ್ದಿಯೂ ಸುಸೂತ್ರವಾಗಿ ಬಂದದ್ದಲ್ಲ. ಹೋದ ವಾರ ಅವಳು ಆಫೀಸಿಗೆ ಫೋನ್ ಮಾಡಿ, "ಶನಿವಾರ ಉರುಟ್ ಬುಕ್ ಮಾಡಿದೀನಿ," ಎಂದಿದ್ದಳು. ಪಕ್ಕದ ಮನೆಯ ಮಲಯ್ ಆಂಟಿಯಿಂದ ಕಲಿತ ಮಾತು. ಮೈ ನೀವುವುದಕ್ಕೆ ಅವರು ಹಾಗೆನ್ನುತ್ತಾರೆ. ಸೇತುರಾಮನಿಗೆ ಕೇಳಿಸಿದ್ದು ಉರುಟಣೆ.

"ಮದುವೆ ಆಗಿ ಮೂರು ವರ್ಷ ಆಯ್ತಲ್ಲೇ. ಈಗ ಯಾರದು ಉರುಟಣೆ?"

ವತ್ಸಲಾ ನಕ್ಕಳು. ನಕ್ಕವಳು, "ನಮ್ಮದು ನೆನಪಿದ್ಯಾ?" ಎಂದಳು. ಅವನಿಗೂ ನೆನಪಾಯಿತು. ಅವರ ಉರುಟಣೆಯಲ್ಲಿ, ಗಂಡುಹೆಣ್ಣು ಒಬ್ಬರಿಗೊಬ್ಬರು ಅರಿಸಿನ ಎಣ್ಣೆ ಹಚ್ಚುವಾಗ, ಅವನು ಹೆಬ್ಬೆರಳನ್ನು ಅರಿಸಿನಕ್ಕೆ ಅದ್ದಿ ಅವಳ ಪಾದಕ್ಕೆ ಒಂದೇ ಸಲ ಒತ್ತಿ, ಕರ್ಚೀಫಿನಲ್ಲಿ ಕೈ ಒರೆಸಿಕೊಂಡಿದ್ದ. "ಅಳಿಯಂದ್ರು ಸ್ಟಾಂಪ್ ಒತ್ತಿಬಿಟ್ರು. ಇನ್ನು ಫೈಲ್ ಕ್ಲೋಸು," ಎಂದು ಅವಳ ಸೋದರತ್ತೆ ಭಾಗೀರಥಿ ಹಾಡು ನಿಲ್ಲಿಸಿ ಹೇಳಿದಾಗ ಇಡೀ ಚಪ್ಪರ ನಕ್ಕಿತ್ತು. ಸೇತುರಾಮನೂ ನಕ್ಕಿದ್ದ. ಆ ಪಾದವನ್ನು ಅವನು ಮತ್ತೆ ಮುಟ್ಟಿದ್ದು ಇವತ್ತೇ.

ಬ್ಯಾಂಕಿನಲ್ಲಿ ಮೇಲೆ ಬರಲು ಅವನು ಯಾರ್ಯಾರದೋ ಕಾಲು ಹಿಡಿದಿದ್ದ. ಆಗ ಇಷ್ಟು ಸಂಕೋಚವಾಗಿರಲಿಲ್ಲ.

"ಒತ್ತಿ," ಎಂದಳು ವತ್ಸಲಾ.

ಒತ್ತಿದ. ಊದಿದ ಪಾದದಲ್ಲಿ ಹೆಬ್ಬೆರಳಿನಷ್ಟು ಕುಳಿ ಬಿತ್ತು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಇತ್ತು, ತುಂಬಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅವನಿಗೆ ಭಯವಾಯಿತು. ಒಬ್ಬರ ಮೇಲೆ ತನ್ನ ಗುರುತು ಹೀಗೆ ಉಳಿಯುವುದು ಅವನು ಒಪ್ಪಿಕೊಂಡು ಬಂದ ವಿಷಯವಲ್ಲ. ಅಷ್ಟರಲ್ಲಿ ಸೊಂಟದ ಪೇಜರ್ ಕುಂಯ್‌ಗುಟ್ಟಿತು. ಬದುಕಿದೆಯಾ ಬಡಜೀವವೇ ಎಂದು ಎದ್ದು ನೋಡಿದರೆ ಯಾರೂ ಕರೆದಿರಲಿಲ್ಲ. ಬ್ಯಾಟರಿ ಮುಗಿಯುತ್ತ ಬಂದಿತ್ತು.

ರೋಹಾನಾ ಬಂದು ಅವನ ಕೈ ನೋಡಿದರು, ಮುಖ ನೋಡಿದರು. ಒಳಗೆ ಹೋಗಿ ಮೊಣಕಾಲಿನವರೆಗಿನ ಒಂದು ಪ್ಲಾಸ್ಟಿಕ್ ಕಾಲು ತಂದು ಅವನ ತೊಡೆಯ ಮೇಲಿಟ್ಟರು. "ಸ್ಕೇರ್ಡ್ ಹಸ್ಬೆಂಡ್, ಫಸ್ಟ್ ಪ್ರಾಕ್ಟೀಸ್ ದಿಸ್ ಒನ್."

ಸೇತುರಾಮನ ಕೈ ಬದಲಾಯಿತು. ಹಿಮ್ಮಡಿಯಿಂದ ಮೀನಖಂಡಕ್ಕೆ, ಅಲ್ಲಿಂದ ಇಳಿದು ಬೆರಳುಗಳ ಸಂದಿಗೆ, ಎಂಥ ಲಯ, ಎಂಥ ಮೃದು. ಉಳಿದ ಗಂಡಂದಿರು ಕೈಬಿಟ್ಟು ನೋಡಿದರು. ಉಳಿದ ಹೆಂಡತಿಯರು ಆ ಕಾಲನ್ನು ನೋಡಿದರು. ರೋಹಾನಾ ಮೈಕಿನಲ್ಲೇ ಹೊಗಳಿ, ಮುಂದಿನ ಶನಿವಾರ ವಾಪಸು ತರಬೇಕೆಂದು ಹೇಳಿ ಕಾಲನ್ನು ಅವನಿಗೇ ಕೊಟ್ಟು ಕಳಿಸಿದರು.

ಎಂಆರ್‌ಟಿ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇತುರಾಮನ ಹತ್ತಿರ ಒಂದು ಹೆಚ್ಚಿಗೆಯೇ ಇತ್ತು. ಸುತ್ತಿದ್ದ ಪೇಪರು ಹರಿದು ಐದು ಬೆರಳು ಹೊರಗೆ ಇಣುಕುತ್ತಿದ್ದವು. ಎದುರು ಕೂತಿದ್ದ ಚೀನೀ ಮುದುಕರೊಬ್ಬರು ಆ ಬೆರಳುಗಳನ್ನು ನೋಡಿ, ಸೇತುರಾಮನ ಪ್ಯಾಂಟಿನ ಕಡೆ ನೋಡಿ, ದಡಬಡ ಎದ್ದರು. "ಸಿಟ್, ಸಿಟ್," ಎಂದರು.

ಸೇತುರಾಮ ಕೂತ. ಬೇಡವೆಂದರೆ ಎಲ್ಲವನ್ನೂ ವಿವರಿಸಬೇಕಾಗುತ್ತಿತ್ತು. ವತ್ಸಲಾ ಕಂಬ ಹಿಡಿದು, ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಎರಡು ಸ್ಟೇಷನ್ ಕಳೆದ ಮೇಲೆ ಅವನಿಗೆ ಹೊಳೆಯಿತು.

"ನೀನು ಕೂತ್ಕೋ," ಎಂದು ಅರ್ಧ ಎದ್ದ.

"ಇರಲಿ. ಅವ್ರು ನೋಡ್ತಿದಾರೆ."

ಪಾಯ ಲೇಬರ್‌ನಲ್ಲಿ ಬೇರೆ ಯಾರೋ ಅವಳಿಗೆ ಸೀಟು ಬಿಟ್ಟರು. ಪಾಸಿರ್ ರಿಸ್‌ನಲ್ಲಿ ಇಳಿಯುವಾಗ ಮುದುಕರು ಇನ್ನೂ ನೋಡುತ್ತಿದ್ದುದರಿಂದ ಸೇತುರಾಮ ಸ್ವಲ್ಪ ಕುಂಟಿದ.

"ಕುಂಟಿದ್ದು ಚೆನ್ನಾಗಿತ್ತು," ಎಂದಳು ವತ್ಸಲಾ. ಕಟ್ಟಡದಡಿಯ ತೆರೆದ ಜಾಗ, ವಾಯ್ಡ್ ಡೆಕ್ ದಾಟಿ, ಅವನಿಗಿಂತ ಮುಂದೆ ಲಿಫ್ಟು ಹತ್ತಿದಳು.

ಸಂಜೆ ಅವಳು ಸೋಫಾದ ಮೇಲೆ ಒರಗಿ ಕಾಲು ಚಾಚಿದಳು. ಅವನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು ನೆಲದ ಮೇಲೆ ಕೂತ. ಪ್ಲಾಸ್ಟಿಕ್ ಕಾಲನ್ನು ಅವಳ ಕಾಲುಗಳ ಪಕ್ಕದಲ್ಲೇ ಇಟ್ಟು, ಕ್ಲಾಸಿನಲ್ಲಿ ಹೇಳಿದಂತೆ ಮೂರಕ್ಕೂ ಸೇರಿಸಿ ಟವೆಲ್ ಹೊದಿಸಿದ.

"ಅದ್ಯಾಕೆ ಇಲ್ಲಿ?"

"ಕೈಗೆ ಹದ ಸಿಗಲಿ ಅಂತ. ಮೊದಲು ಅದು, ಆಮೇಲೆ ನಿಂದು."

"ಆಯ್ತು," ಎಂದು ಅವಳು ಕಣ್ಣು ಮುಚ್ಚಿದಳು.

ಅವನೂ ಕಣ್ಣು ಮುಚ್ಚಿದ. ಹದ ಸಿಕ್ಕಿತು. ಟವೆಲ್ಲಿನಡಿ ಕೈ ಸರಿಸಿ ಅವಳ ಪಾದ ಹಿಡಿದ. ಬಿಸಿಯಾಗಿತ್ತು, ಒಳಗೆಲ್ಲೋ ನಾಡಿ ಬಡಿಯುತ್ತಿತ್ತು. ಒತ್ತಿದ. ಕುಳಿ ಬಿದ್ದದ್ದು ಹೆಬ್ಬೆರಳಿಗೆ ತಿಳಿಯಿತು. ಇನ್ನೊಂದು ಸಲ ಒತ್ತುವ ಧೈರ್ಯವಾಗಲಿಲ್ಲ. ಕೈ ತಾನಾಗಿ ಪಕ್ಕಕ್ಕೆ ಜಾರಿ, ಆ ತಣ್ಣಗಿನ ಕಾಲನ್ನು ಹಿಡಿದು ಲಯಕ್ಕೆ ಬಿತ್ತು.

"ಹ್ಞಾಂ," ಎಂದಳು ವತ್ಸಲಾ. "ಈಗ ಸರಿಯಾಯ್ತು. ಅಲ್ಲೇ ಒತ್ತಿ."

ಸೇತುರಾಮ ಅಲ್ಲೇ, ಪ್ಲಾಸ್ಟಿಕ್ಕಿನ ಮೇಲೇ, ಇನ್ನೊಮ್ಮೆ ಒತ್ತಿದ.

"ಹಿತವಾಗಿದೆ ಕಣ್ರೀ. ದಿನಾ ಹೀಗೆ ಒತ್ತೋದಾದ್ರೆ ನಾನ್ಯಾಕೆ ಊರಿಗೆ ಹೋಗ್ಲಿ?"

ಅವನು ಕಣ್ಣು ತೆರೆದ. ಅವಳ ಕಣ್ಣು ಮುಚ್ಚಿಯೇ ಇತ್ತು, ತುಟಿಯ ಮೇಲೆ ಸಣ್ಣದೊಂದು ನಗು. ಅದು ನಿದ್ದೆಯದೋ, ಗೇಲಿಯದೋ, ಕರುಣೆಯದೋ ತಿಳಿಯಲಿಲ್ಲ. ಅವಳ ಎರಡು ಕಾಲೂ ಟವೆಲ್ಲಿನಡಿ ಇರಲಿಲ್ಲ. ಯಾವಾಗಲೋ ಎಳೆದುಕೊಂಡು ಸೋಫಾದ ಮೇಲೆ ಮಡಚಿಟ್ಟುಕೊಂಡಿದ್ದಳು. ಒಂದು ಪಾದದ ಮೇಲೆ ಅವನ ಬೆರಳಿನ ಕುಳಿ ಇನ್ನೂ ತುಂಬುತ್ತಿತ್ತು.

ಒತ್ತುತ್ತಿದ್ದುದು ಯಾವ ಕಾಲೆಂದು ಹೇಳಿದರೆ ಅವಳು ಊರಿಗೆ ಹೋಗುತ್ತಾಳೆ. ಸೇತುರಾಮ ಇನ್ನಷ್ಟು ಎಣ್ಣೆ ಸುರಿದುಕೊಂಡು ಪ್ರಾಣ ಬಿಟ್ಟುಕೊಂಡು ಒತ್ತಿದ. ಎಷ್ಟು ಒತ್ತಿದರೂ ಆ ಕಾಲಿನಲ್ಲಿ ಕುಳಿ ಬೀಳಲಿಲ್ಲ.